ದಿನಾ ಓಡಿಸುವ ಪೋಲೊ ಟಿಎಸ್‌ಐಗೆ ಮೊದಲು ಏನು ಹಾಕಿಸಬೇಕು?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. 2021ರ ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ (ಟರ್ಬೊ ಇರುವ ಪೆಟ್ರೋಲ್ ಕಾರು), ಮ್ಯಾನ್ಯುಯಲ್ ಗೇರ್, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದೀರಿ. 54,000 ಕಿ.ಮೀ. ಓಡಿದೆ. ದಿನಾ ಬೆಂಗಳೂರಿನಲ್ಲಿ ಆಫೀಸಿಗೆ ಅದೇ ಗಾಡಿ, ತಿಂಗಳಿಗೊಮ್ಮೆ ಚಿಕ್ಕಮಗಳೂರಿನ ಕಡೆಗೂ ಅದೇ. ಕೈಯಲ್ಲಿ ಒಂದೂವರೆ ಲಕ್ಷ ಇದೆ. ರೀಮ್ಯಾಪ್ (ಇಂಜಿನ್ನಿನ ಸಾಫ್ಟ್‌ವೇರ್ ಬದಲಾಯಿಸಿ ಪವರ್ ಹೆಚ್ಚಿಸುವುದು), ಏರ್ ಫಿಲ್ಟರ್, ಎಕ್ಸಾಸ್ಟ್ (ಹೊಗೆ ಕೊಳವೆ), ಲೋವರಿಂಗ್ ಸ್ಪ್ರಿಂಗ್ (ಗಾಡಿಯನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗ್), 17 ಇಂಚಿನ ಅಲಾಯ್ ಚಕ್ರ, ಇವುಗಳಲ್ಲಿ ಮೊದಲು ಯಾವುದು ಅಂತ ಕೇಳಿದ್ದೀರಿ.

ಈ ಐದರಲ್ಲಿ ಯಾವುದನ್ನೂ ಮೊದಲು ಮಾಡಿಸಬೇಡಿ. ಷೋರೂಮಿನಿಂದ ಹೊರಗೆ ಬಂದ ದಿನ ಆ ಗಾಡಿ ಹೇಗಿತ್ತೋ, ಮೊದಲು ಹಾಗೆ ಮಾಡಿಸಿ. ನೀವು ಅದನ್ನು ಹೊಸದಾಗಿದ್ದಾಗ ಓಡಿಸಿಲ್ಲ. ಹಾಗಾಗಿ ಅದರಲ್ಲಿ ಏನೇನು ಸವೆದಿದೆ ಅಂತ ನಿಮಗೆ ಗೊತ್ತಾಗೋದು ಕಷ್ಟ. ಸವೆತ ಒಂದೇ ದಿನ ಆಗಲ್ಲ, ದಿನಾ ಚೂರು ಚೂರೇ ಆಗುತ್ತದೆ. ಹೊಸ ಗಾಡಿ ತಗೊಂಡು ನಾಲ್ಕು ವರ್ಷ ಓಡಿಸಿದ ನನಗೇ ಗೊತ್ತಾಗಿರಲಿಲ್ಲ.

ನನ್ನದೂ ಇದೇ ಗಾಡಿ, 2020ರದ್ದು. 999 ಸಿಸಿ, ಮೂರು ಸಿಲಿಂಡರ್, 110 ಪಿಎಸ್ ಪವರ್, 175 ಎನ್‌ಎಂ ಟಾರ್ಕ್ (ಎಳೆಯುವ ಬಲ), ಆರು ಗೇರ್. ಇದು ನಿಜವಾದ ಸ್ಪೋರ್ಟ್ಸ್ ಕಾರ್ ಅಲ್ಲ ಅಂತ ಹೇಳುವವರಿದ್ದಾರೆ. ಇರಲಿ. ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ತೂಕದ ಗಾಡಿಗೆ 1750 ಆರ್‌ಪಿಎಂನಿಂದಲೇ ಪೂರ್ತಿ ಟಾರ್ಕ್ ಸಿಕ್ಕಿದರೆ ಹೇಗಿರುತ್ತದೆ ಅಂತ ಬೇಲೂರಿನಿಂದ ಮೂಡಿಗೆರೆ ಕಡೆಗೆ ಬೆಳಗಿನ ಜಾವ ಹೋದವರಿಗೆ ಗೊತ್ತು. 2022ರಲ್ಲಿ ಪೋಲೊ ನಮ್ಮಲ್ಲಿ ನಿಂತೇ ಹೋಯಿತು. ಇನ್ನು ಹೊಸದು ಸಿಗಲ್ಲ. ಇರುವುದನ್ನೇ ಚೆನ್ನಾಗಿ ಇಟ್ಟುಕೊಳ್ಳಬೇಕು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು 38,000 ಕಿ.ಮೀ. ಆದಾಗ ಮೊದಲು ಮಾಡಿಸಿದ್ದೇ ರೀಮ್ಯಾಪ್. ಅವರು ಕೊಟ್ಟ ಕಾಗದದಲ್ಲಿ 130ರ ಮೇಲೆ ಪಿಎಸ್ ಇತ್ತು. ಪಿಕಪ್ ಚೆನ್ನಾಗಿಯೇ ಬಂತು, ಸುಳ್ಳು ಹೇಳಲ್ಲ. ಬೆಂಗಳೂರಿನ ನೈಸ್ ರೋಡಿನಲ್ಲಿ ಮೂರನೇ ಗೇರಿನಲ್ಲಿ ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಒಂದು ತಿಂಗಳು ಖುಷಿಯೋ ಖುಷಿ.

ಅದೇ ಜುಲೈಯಲ್ಲಿ ಊರಿಗೆ ಹೊರಟೆ. ಪಕ್ಕದಲ್ಲಿ ಅಮ್ಮ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಜೋರು ಮಳೆಯೇನಲ್ಲ, ಜಿಟಿಜಿಟಿ. ವೇಗವೂ ಜಾಸ್ತಿ ಇರಲಿಲ್ಲ. ಒಂದು ಎಡ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದೆ, ಗಾಡಿ ತಿರುಗಲಿಲ್ಲ. ಮೂತಿ ಸುಮ್ನೆ ನೇರಕ್ಕೆ, ಬಲಗಡೆಗೆ ಜಾರಿತು. ಬ್ರೇಕ್ ಒತ್ತಿದೆ. ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಕಾಲಿನ ಕೆಳಗೆ ಗರಗರ ಅಂದಿತು. ಎದುರಿಗೆ ಒಂದು ಕೆಂಪು ಬಸ್ಸು ಹತ್ತಿ ಬರುತ್ತಿತ್ತು. ಆ ಡ್ರೈವರ್ ಮೊದಲೇ ನೋಡಿ ಅಂಚಿಗೆ ಹಾಕಿ ನಿಲ್ಲಿಸಿದ್ದರು. ಹಾಗಾಗಿ ಏನೂ ಆಗಲಿಲ್ಲ. ಅಮ್ಮ ಒಂದು ಮಾತೂ ಆಡಲಿಲ್ಲ. ಉಜಿರೆ ತಲುಪುವವರೆಗೂ ಬಾಗಿಲ ಮೇಲಿನ ಹಿಡಿ ಬಿಡಲಿಲ್ಲ.

ಮರುದಿನ ಊರಿನ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಾನೆಟ್ ತೆಗೆಯಲೇ ಇಲ್ಲ. ಕುಕ್ಕರಗಾಲಲ್ಲಿ ಕೂತು ಮುಂದಿನ ಟಯರಿಗೆ ಹೆಬ್ಬೆರಳಿನ ಉಗುರು ಒತ್ತಿದರು. ಉಗುರು ಇಳಿಯಲಿಲ್ಲ. "ಎಂಥ ಮಾರಾಯ್ರೆ, ಟಯರು ಕಲ್ಲಾಗಿದೆ" ಅಂದರು. ಗಾಡಿ ಎತ್ತಿ ಚಕ್ರ ಬಿಚ್ಚಿದಾಗ ಬಲಗಡೆಯ ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಇಳಿದು, ಅದಕ್ಕೆ ಧೂಳು ಹಿಡಿದು, ಕೈಯಲ್ಲಿ ಕೆರೆದರೆ ಕಪ್ಪು ಮಣ್ಣಿನ ಹಾಗೆ ಉದುರುತ್ತಿತ್ತು. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್‌ನ ಬುಶ್ (ರಬ್ಬರಿನ ತುಂಡು) ಸೀಳಿತ್ತು. ಟಯರಿನ ಮೇಲಿನ ಗೀರುಗಳ ಆಳ ಮಾತ್ರ ಇನ್ನೂ 4 ಮಿ.ಮೀ. ಇತ್ತು! ಅದನ್ನು ನೋಡಿಕೊಂಡೇ ನಾನು ಇನ್ನೂ ಒಂದು ವರ್ಷ ಬರುತ್ತದೆ ಅಂದುಕೊಂಡಿದ್ದೆ. ರಬ್ಬರು ಸವೆಯುವುದು ಒಂದು, ಒಣಗಿ ಗಟ್ಟಿಯಾಗುವುದು ಇನ್ನೊಂದು. ನಮ್ಮ ಬಿಸಿಲಿನಲ್ಲಿ ಹೊರಗೇ ನಿಲ್ಲುವ ಗಾಡಿಗೆ ಎರಡನೆಯದೇ ಮೊದಲು ಬರಬಹುದು.

ಈಗ ನಿಮ್ಮ ಗಾಡಿಗೆ ಬರೋಣ. ಟಯರಿನ ಪಕ್ಕದಲ್ಲಿ ಡಾಟ್ ಅಂತ ಇಂಗ್ಲಿಷಿನಲ್ಲಿ ಬರೆದ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 0821 ಅಂತ ಇದ್ದರೆ 2021ರ ಎಂಟನೇ ವಾರದಲ್ಲಿ ಮಾಡಿದ ಟಯರು ಅಂತ ಅರ್ಥ. ಒಳಗಡೆಗೆ ತಿರುಗಿಸಿ ಹಾಕಿರಬಹುದು, ಮೊಬೈಲ್ ಟಾರ್ಚ್ ಹಾಕಿ ಹುಡುಕಿ. ಗಾಡಿಯ ಜೊತೆ ಬಂದ ಟಯರೇ ಇನ್ನೂ ಇದ್ದರೆ ನಿಮ್ಮ ಒಂದೂವರೆ ಲಕ್ಷದಲ್ಲಿ ಮೊದಲ ನಲವತ್ತು ಸಾವಿರ ಅದಕ್ಕೆ ಎತ್ತಿಡಿ. ನಾಲ್ಕೂ ಒಟ್ಟಿಗೆ ಬದಲಾಯಿಸಿ. ಎರಡು ಮಾತ್ರ ಹಾಕಿಸುವ ಪರಿಸ್ಥಿತಿ ಬಂದರೆ ಹೊಸದು ಹಿಂದಕ್ಕೆ ಹೋಗಬೇಕು. ಮುಂದಕ್ಕೆ ಹಾಕಿ ಅನ್ನುವವರೇ ಜಾಸ್ತಿ ಸಿಗುತ್ತಾರೆ. ಆದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಸುತ್ತಿಬಿಡುತ್ತದೆ, ಅದನ್ನು ಹಿಡಿಯುವುದು ನಮ್ಮಂಥವರ ಕೈಯಲ್ಲಿ ಆಗದ ಕೆಲಸ.

ಅಳತೆ ಬದಲಾಯಿಸಬೇಡಿ. ನೀವೇ ಬರೆದಿರುವ ಹಾಗೆ ನಿಮ್ಮದು 195/55 ಆರ್16. ಅಂದರೆ ಅಗಲ 195 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 55, ಸುಮಾರು 107 ಮಿ.ಮೀ. 17 ಇಂಚಿನ ಅಲಾಯ್‌ಗೆ 205/45 ಹಾಕಿದರೆ ಅದು 92ಕ್ಕೆ ಇಳಿಯುತ್ತದೆ. ಬೆಂಗಳೂರಿನ ಗುಂಡಿಗೂ ನಿಮ್ಮ ರಿಮ್ಮಿಗೂ ನಡುವೆ ಇರುವುದು ಆ ರಬ್ಬರು ಒಂದೇ. ಅದರಲ್ಲಿ 15 ಮಿ.ಮೀ. ಬಿಟ್ಟುಕೊಡೋದು ನನಗೆ ಸರಿ ಕಾಣಲ್ಲ. ಜೊತೆಗೆ ದೊಡ್ಡ ಅಲಾಯ್ ಸಾಮಾನ್ಯವಾಗಿ ಭಾರವೂ ಜಾಸ್ತಿ. ಚಕ್ರ ಭಾರವಾದಷ್ಟೂ ಹದಗೆಟ್ಟ ರಸ್ತೆಯಲ್ಲಿ ಶಾಕ್‌ಗೆ ಅದನ್ನು ನೆಲಕ್ಕೆ ಒತ್ತಿ ಹಿಡಿಯುವುದು ಕಷ್ಟ. ಇದೇ ಅಳತೆಯಲ್ಲಿ, ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ ಅಂತ ಹೆಸರಿರುವ ಟಯರು ತಗೊಳ್ಳಿ. ನಾನು ಮಿಷೆಲಿನ್ ಹಾಕಿಸಿದೆ. ಮೊದಲ ಮಳೆಯಲ್ಲೇ ಬೇರೆ ಗಾಡಿ ಓಡಿಸಿದ ಹಾಗಾಯಿತು.

ಆಮೇಲೆ ಶಾಕ್ಸ್. 54,000 ಕಿ.ಮೀ. ಅನ್ನುವುದು ಹೆದ್ದಾರಿಯಲ್ಲಿ ಓಡಿದ್ದಾದರೆ ಒಂದು ಲೆಕ್ಕ, ಹಂಪು ಗುಂಡಿಗಳ ಮೇಲೆ ಓಡಿದ್ದಾದರೆ ಬೇರೆ ಲೆಕ್ಕ. ಬಾನೆಟ್ ಒತ್ತಿ ಬಿಟ್ಟು ನೋಡುವ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ತೀರಾ ಹೋದ ಶಾಕ್ ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ. ಚಕ್ರ ಬಿಚ್ಚಿಸಿ, ಎಣ್ಣೆ ಇಳಿದಿದೆಯಾ ನೋಡಿ. ಟಯರಿನ ಮೇಲೆ ಅಂಗೈ ಸವರಿ, ಅಲೆ ಅಲೆಯಾಗಿ ಸವೆದಿದ್ದರೆ ಕೈಗೆ ಗೊತ್ತಾಗುತ್ತದೆ. ಶಾಕ್ ಬದಲಾಯಿಸುವಾಗ ಅದರ ಮೇಲಿನ ಮೌಂಟು, ಬಂಪ್ ಸ್ಟಾಪು (ಶಾಕ್ ಪೂರ್ತಿ ಕುಸಿದಾಗ ತಡೆಯುವ ರಬ್ಬರು), ಲಿಂಕ್ ರಾಡು, ಲೋವರ್ ಆರ್ಮ್ ಬುಶ್ ಎಲ್ಲಾ ಒಟ್ಟಿಗೆ ಮುಗಿಸಿಬಿಡಿ. ಕೂಲಿ ಒಂದೇ ಸಲ ಬೀಳುತ್ತದೆ. ಕಂಪನಿಯ ಶಾಕ್ಸ್ ಸಾಕು. ಸ್ವಲ್ಪ ಬಿಗಿ ಬೇಕು ಅಂದರೆ ಬಿಲ್‌ಸ್ಟೀನ್‌ನಂಥ ಬೇರೆ ಕಂಪನಿಯವು ಸಿಗುತ್ತವೆ, ಆದರೆ ಅದೊಂದೇ ನಿಮ್ಮ ದುಡ್ಡಿನಲ್ಲಿ ಅರ್ಧ ತಿನ್ನುತ್ತದೆ. ನನಗೆ ಕಂಪನಿಯದ್ದೇ ಹಾಕಿಸಿ ಕೂಲಿ ಸೇರಿ ಮೂವತ್ತೆಂಟು ಸಾವಿರ ಆಯಿತು.

ಲೋವರಿಂಗ್ ಸ್ಪ್ರಿಂಗ್ ದಯವಿಟ್ಟು ಬೇಡ. ಗಾಡಿ ಚಂದ ಕಾಣುತ್ತದೆ, ಒಪ್ಪಿದೆ. ಆದರೆ ಗಿಡ್ಡ ಸ್ಪ್ರಿಂಗ್ ಹಾಕಿದರೆ ಶಾಕ್‌ಗೆ ಮೇಲೆ ಕೆಳಗೆ ಆಡುವ ಜಾಗ ಕಮ್ಮಿಯಾಗುತ್ತದೆ. ಗುಂಡಿಗೆ ಬಿದ್ದ ಕೂಡಲೇ ಬಂಪ್ ಸ್ಟಾಪಿಗೆ ಹೊಡೆಯುತ್ತದೆ. ತಿರುವಿನ ಮಧ್ಯೆ ಹಾಗಾದರೆ ಚಕ್ರ ನೆಲ ಬಿಟ್ಟು ಹಾರುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ನಡೆದಾಗ ಒಂದು ಸಲ ಹೋಗಿ ನೋಡಿ. ಅಲ್ಲಿ ಪೋಲೊಗಳು ತುಂಬಾ ಓಡುತ್ತವೆ. ಆ ಗಾಡಿಗಳು ಎಷ್ಟು ಎತ್ತರ ನಿಂತಿರುತ್ತವೆ, ಚಕ್ರ ಎಷ್ಟು ಚಿಕ್ಕದು, ಕಲ್ಲುಮಣ್ಣಿನ ಮೇಲೆ ಚಕ್ರಗಳು ಹೇಗೆ ಆಡುತ್ತವೆ ನೋಡಿ. ಹದಗೆಟ್ಟ ರಸ್ತೆಯಲ್ಲಿ ಜೋರಾಗಿ ಹೋಗಬೇಕಾದವರು ಗಾಡಿಯನ್ನು ತಗ್ಗಿಸುವುದಿಲ್ಲ.

ಇದೆಲ್ಲ ಆದ ಮೇಲೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿ, ಕಂಪ್ಯೂಟರಿನ ಪ್ರಿಂಟ್ ಕೇಳಿ ಪಡೆಯಿರಿ. ಗಾಳಿ ಎಷ್ಟು ಹಾಕಬೇಕು ಅಂತ ಪೆಟ್ರೋಲ್ ಮುಚ್ಚಳದ ಒಳಗೆ ಚೀಟಿ ಅಂಟಿಸಿರುತ್ತಾರೆ. ಬೆಳಿಗ್ಗೆ ಟಯರು ತಣ್ಣಗಿದ್ದಾಗ ಅಷ್ಟೇ ಹಾಕಿಸಿ.

ಬ್ರೇಕ್. ನಮ್ಮ ಪೋಲೊಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ದೊಡ್ಡ ಡಿಸ್ಕ್, ದೊಡ್ಡ ಕ್ಯಾಲಿಪರ್ ಅಂತ ದುಡ್ಡು ಹಾಕಬೇಡಿ. ಇರುವ ಬ್ರೇಕೇ ಚಕ್ರವನ್ನು ಲಾಕ್ ಮಾಡುವಷ್ಟು ಗಟ್ಟಿಯಾಗಿದೆ, ಅದಕ್ಕೇ ಎಬಿಎಸ್ ಕೆಲಸಕ್ಕೆ ಬರುವುದು. ಅಲ್ಲಿಂದ ಮುಂದೆ ಗಾಡಿ ನಿಲ್ಲುವುದು ಟಯರಿನ ಹಿಡಿತದಿಂದ. ಆದರೆ ಬ್ರೇಕ್ ಆಯಿಲ್ ಬದಲಾಯಿಸಿ. ಹಳೆಯ ಮಾಲೀಕರು ಬದಲಾಯಿಸಿದ್ದಾರೆ ಅನ್ನುವುದಕ್ಕೆ ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿ. ಈ ಎಣ್ಣೆ ಗಾಳಿಯಲ್ಲಿನ ನೀರಿನ ಪಸೆ ಎಳೆದುಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಎಣ್ಣೆ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿ. ಘಾಟಿ ಇಳಿಯುವಾಗ ಬ್ರೇಕ್ ಕಾಯ್ದು ಎಣ್ಣೆ ಕುದಿದರೆ ಪೈಪಿನಲ್ಲಿ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಲು ಎರಡು ಸಾವಿರವೂ ಆಗಲ್ಲ. ಪ್ಯಾಡ್ ಸವೆದಿದ್ದರೆ ಅದೂ ಆಗಲಿ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಇಳಿಯಿರಿ, ಇದಕ್ಕೆ ಖರ್ಚೇ ಇಲ್ಲ.

ಇಷ್ಟಾಗುವ ಹೊತ್ತಿಗೆ ನಿಮ್ಮ ದುಡ್ಡಿನಲ್ಲಿ ತೊಂಬತ್ತು ಸಾವಿರ ಹೋಗಿರುತ್ತದೆ. ಈಗ ಮೂರು ತಿಂಗಳು ಸುಮ್ನೆ ಓಡಿಸಿ. ಇನ್ನೂ ಪವರ್ ಬೇಕು ಅನ್ನಿಸಿದರೆ ಆಗ ರೀಮ್ಯಾಪ್ ಮಾತಾಡೋಣ.

ರೀಮ್ಯಾಪ್‌ನಲ್ಲಿ ನಡೆಯುವುದು ಇಷ್ಟು: ಟರ್ಬೊ ಎಷ್ಟು ಗಾಳಿ ಒತ್ತಬೇಕು, ಕಿಡಿ ಯಾವಾಗ ಹಾರಬೇಕು, ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಹೇಳುವ ಸಾಫ್ಟ್‌ವೇರ್ ಬದಲಾಗುತ್ತದೆ. ಟರ್ಬೊ ಗಾಡಿಗೆ ಇದರಿಂದ ನಿಜವಾಗಲೂ ಫಲ ಇದೆ. ಆದರೆ ಕ್ಲಚ್ ಅದೇ ಹಳೆಯದು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ 54,000 ಕಿ.ಮೀ. ತುಳಿಸಿಕೊಂಡದ್ದು. ಮೊದಲು ಒಂದು ಪರೀಕ್ಷೆ ಮಾಡಿ. ಖಾಲಿ ರಸ್ತೆಯಲ್ಲಿ ಐದನೇ ಗೇರು, 2000 ಆರ್‌ಪಿಎಂ, ಪೂರ್ತಿ ಆಕ್ಸಿಲರೇಟರ್. ಆರ್‌ಪಿಎಂ ಮುಳ್ಳು ಮೇಲೇರಿ ಗಾಡಿಯ ವೇಗ ಹಿಂದೆಯೇ ಉಳಿದರೆ ಕ್ಲಚ್ ಜಾರುತ್ತಿದೆ. ಅಂಥ ಗಾಡಿಗೆ ರೀಮ್ಯಾಪ್ ಮಾಡಿಸಿದರೆ ಮುಂದಿನ ಖರ್ಚು ಕ್ಲಚ್ಚೇ. ನನ್ನದು ಎಂಟು ತಿಂಗಳಲ್ಲಿ ಹೋಯಿತು. ಸ್ಪಾರ್ಕ್ ಪ್ಲಗ್ ಹೊಸದಿರಲಿ. ಆಮೇಲೆ ರೀಮ್ಯಾಪ್ ಮಾಡುವವರು ಯಾವ ಆಕ್ಟೇನ್ (ಪೆಟ್ರೋಲಿನ ದರ್ಜೆ) ಪೆಟ್ರೋಲಿಗೆ ಆ ಸಾಫ್ಟ್‌ವೇರ್ ಬರೆಯುತ್ತಾರೆ ಅಂತ ಕೇಳಿ. ಎಲ್ಲಾ ಊರಿನ ಬಂಕಿನಲ್ಲಿ ಸಿಗದ ಪೆಟ್ರೋಲಿಗೆ ಬರೆದರೆ ದಿನಾ ಓಡಿಸುವ ಗಾಡಿಗೆ ಅದು ಹೊಂದಲ್ಲ. ನಿಮ್ಮ ಗಾಡಿಯ ಹಳೆಯ ಸಾಫ್ಟ್‌ವೇರ್ ಫೈಲ್ ತೆಗೆದಿಟ್ಟು, ಬೇಕೆಂದಾಗ ವಾಪಸ್ ಹಾಕಿಕೊಡುತ್ತೇವೆ ಅಂತ ಬರವಣಿಗೆಯಲ್ಲಿ ಪಡೆಯಿರಿ.

ಏರ್ ಫಿಲ್ಟರ್ ಬಿಟ್ಟುಬಿಡಿ. ಕಂಪನಿಯವರು ಮೊದಲೇ ಮುಂಭಾಗದ ತಣ್ಣನೆ ಗಾಳಿ ಎಳೆಯುವ ಹಾಗೆ ಪೈಪ್ ಇಟ್ಟಿದ್ದಾರೆ. ಅದನ್ನು ಕಿತ್ತು ತೆರೆದ ಫಿಲ್ಟರ್ ಹಾಕಿದರೆ ಇಂಜಿನ್ನಿನ ಬಿಸಿ ಗಾಳಿಯೇ ಒಳಗೆ ಹೋಗುತ್ತದೆ, ಸದ್ದು ಮಾತ್ರ ಜೋರಾಗುತ್ತದೆ.

ಎಕ್ಸಾಸ್ಟ್ ಬಗ್ಗೆ ಕಾನೂನಿನ ಮಾತು ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ರೀಮ್ಯಾಪ್ ಕಣ್ಣಿಗೆ ಕಾಣಲ್ಲ ಅಂತ ಧೈರ್ಯ ಮಾಡುವವರಿದ್ದಾರೆ. ಆದರೆ ಅಪಘಾತವಾದಾಗ ಇನ್ಶೂರೆನ್ಸಿನವರು ಕ್ಲೇಮ್ ತಳ್ಳಿಹಾಕಲು ಅದೇ ಒಂದು ಕಾರಣವಾಗಬಹುದು. ನಾನು ಕ್ಲಚ್ ಬದಲಾಯಿಸಿದ ದಿನವೇ ಹಳೆಯ ಫೈಲ್ ವಾಪಸ್ ಹಾಕಿಸಿಕೊಂಡೆ. ಇವತ್ತಿಗೂ ನನ್ನ ಗಾಡಿ 110 ಪಿಎಸ್‌ನಲ್ಲೇ ಇದೆ. ಕಮ್ಮಿ ಅಂತ ಅನ್ನಿಸಿಲ್ಲ.

ಉಳಿದ ದುಡ್ಡಿನಲ್ಲಿ ನಿಮಗೆ ಇನ್ನೊಂದು ಹೇಳುತ್ತೇನೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನ್ನುವ ರೇಸ್ ಟ್ರ್ಯಾಕಿನಲ್ಲಿ ಟ್ರ್ಯಾಕ್ ಡೇ (ನಮ್ಮ ಗಾಡಿಯನ್ನೇ ಅಲ್ಲಿ ಓಡಿಸಲು ಬಿಡುವ ದಿನ) ಇದ್ದಾಗ ಒಂದು ದಿನ ಹೋಗಿ. 2.1 ಕಿ.ಮೀ. ಸುತ್ತು, ಎದುರಿನಿಂದ ಯಾರೂ ಬರಲ್ಲ. ಅಲ್ಲಿ ಕಲಿಸುವವರು ನನಗೆ ಮೊದಲು ಮಾಡಿಸಿದ್ದು, 80ರ ವೇಗದಲ್ಲಿ ಬ್ರೇಕನ್ನು ಪೂರ್ತಿ ತುಳಿದು, ಬಿಡದೆ, ನಿಲ್ಲಿಸುವುದು. ಮೊದಲ ಸಲ ಕಾಲು ತಾನಾಗಿ ಸಡಿಲವಾಯಿತು. ನಾಲ್ಕನೇ ಸಲಕ್ಕೆ ಎಬಿಎಸ್ಸಿನ ಆ ಗರಗರ ಸದ್ದಿಗೆ ಹೆದರುವುದು ಬಿಟ್ಟೆ. 100ರಲ್ಲಿ ಮಾಡಿಸಿದಾಗ ಎಷ್ಟು ಮುಂದೆ ಹೋಗಿ ನಿಂತೆ ಅಂತ ಇಳಿದು ನಡೆದು ನೋಡಿದೆ. ಲೆಕ್ಕದಲ್ಲಿ 80ಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ದೂರ ಬೇಕು. ಅದನ್ನು ಓದುವುದೇ ಬೇರೆ, ಹೆಜ್ಜೆ ಹಾಕಿ ಅಳೆಯುವುದೇ ಬೇರೆ.

ಈ ಶನಿವಾರ ಗ್ಯಾರೇಜಿಗೆ ಹೋಗುತ್ತೇನೆ ಅಂದಿದ್ದೀರಿ. ಗಾಡಿ ಲಿಫ್ಟಿನಲ್ಲಿ ಮೇಲಿರುವಾಗ ನೀವೂ ಕೆಳಗೆ ನಿಂತು ನಾಲ್ಕೂ ಶಾಕ್, ಎರಡೂ ಲೋವರ್ ಆರ್ಮ್ ಬುಶ್ ನೋಡಿ, ಫೋಟೋ ತೆಗೆದುಕೊಳ್ಳಿ. ಅದಕ್ಕೂ ಮೊದಲು ಇವತ್ತು ಸಂಜೆ ಆ ನಾಲ್ಕು ಅಂಕಿ ಹುಡುಕಿ. ಸ್ಟೆಪ್ನಿಯದ್ದೂ ನೋಡಲು ಮರೆಯಬೇಡಿ.