ಕಾರ್ಡ್ ಕೊಳ್ಳುವ ಮುಂಚೆ ಚಿಪ್ ನೋಡಿ

ಪ್ರಶ್ನೆ: ಹಳೇ ಡೆಸ್ಕ್‌ಟಾಪಿಗೆ ಫ್ರೀಬಿಎಸ್‌ಡಿ (ಲಿನಕ್ಸ್‌ನಂಥ ಒಂದು ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿ ರೂಟರ್ ಮಾಡಿಕೊಳ್ಳಬೇಕು ಅಂತಿದ್ದೇನೆ. ಮದರ್‌ಬೋರ್ಡಿನಲ್ಲಿ ಒಂದೇ ಪೋರ್ಟ್ ಇದೆ, ಹಾಗಾಗಿ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಬೇಕು. ಎಲ್ಲದರ ಮೇಲೂ ಗಿಗಾಬಿಟ್ ಅಂತಲೇ ಬರೆದಿದೆ. ಕಡಿಮೆ ಬೆಲೆಯದ್ದು ತಗೊಂಡರೆ ಆಗಲ್ವಾ?

ಉತ್ತರ: ಡಬ್ಬದ ಮೇಲಿರುವ ಬ್ರ್ಯಾಂಡ್ ಹೆಸರನ್ನು ಮೊದಲು ಮರೆತುಬಿಡಿ. ಕಾರ್ಡ್ ಮಾರುವವರು ಒಬ್ಬರು, ಅದರ ಮೇಲಿನ ಚಿಪ್ ಮಾಡುವವರು ಇನ್ನೊಬ್ಬರು. ಫ್ರೀಬಿಎಸ್‌ಡಿಗೆ ಕಾಣುವುದು ಚಿಪ್ ಮಾತ್ರ. ಇಂಟರ್‌ಫೇಸಿಗೆ (ಅಂದರೆ ನೆಟ್‌ವರ್ಕ್ ಪೋರ್ಟಿಗೆ) ಅದು ಡ್ರೈವರ್, ಅಂದರೆ ಚಿಪ್ ನಡೆಸುವ ಸಾಫ್ಟ್‌ವೇರಿನ ಹೆಸರನ್ನೇ ಇಡುತ್ತದೆ. ಇಂಟೆಲ್ ಆದರೆ ಇಎಂ0 ಅಥವಾ ಐಜಿಬಿ0, ರಿಯಲ್‌ಟೆಕ್ ಗಿಗಾಬಿಟ್ ಆದರೆ ಆರ್‌ಇ0, ಬ್ರಾಡ್‌ಕಾಮ್ ಆದರೆ ಬಿಜಿಇ0. ಪ್ರತಿ ಡ್ರೈವರಿಗೂ ಒಂದು ಮ್ಯಾನ್ ಪೇಜ್ (ಕೈಪಿಡಿ ಪುಟ) ಇದೆ, ಅದರಲ್ಲಿ ಯಾವ ಯಾವ ಚಿಪ್ ನಡೆಯುತ್ತೆ ಅಂತ ಪಟ್ಟಿ ಇದೆ. ದುಡ್ಡು ಕೊಡುವ ಮುಂಚೆ ಅದನ್ನು ಓದಿ.

ಚಿಪ್ಪಿನಿಂದ ಅಷ್ಟೊಂದು ವ್ಯತ್ಯಾಸ ಆಗುತ್ತಾ? ಆಗುತ್ತೆ. ಹಿಂದೆ ರಿಯಲ್‌ಟೆಕ್ 8139 ಅಂತ 100 ಮೆಗಾಬಿಟ್ ಚಿಪ್ ಒಂದು ಎಲ್ಲಾ ಕಡೆ ಇರುತ್ತಿತ್ತು. ಬಂದ ಪ್ಯಾಕೆಟ್‌ಗಳನ್ನೆಲ್ಲ ಅದು ಮೆಮೊರಿಯಲ್ಲಿ ಒಂದೇ ದೊಡ್ಡ ಬಫರಿಗೆ ಸುರಿಯುತ್ತಿತ್ತು. ಅಲ್ಲಿಂದ ಒಂದೊಂದನ್ನೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ತನ್ನ ಜಾಗಕ್ಕೆ ಕಾಪಿ ಮಾಡಿಕೊಳ್ಳಬೇಕು. ಕಳಿಸುವಾಗಲೂ ಗೋಳೇ. ಡೇಟಾ ಸರಿಯಾಗಿ 32 ಬಿಟ್ ಗಡಿಯಲ್ಲಿ ಶುರುವಾಗದಿದ್ದರೆ ಆ ಚಿಪ್ ಮುಟ್ಟುತ್ತಿರಲಿಲ್ಲ, ಮತ್ತೆ ಕಾಪಿ. ಈ ಕೂಲಿಯೆಲ್ಲ ಸಿಪಿಯು ತಲೆಗೆ. ಫ್ರೀಬಿಎಸ್‌ಡಿಗೆ ಇದರ ಡ್ರೈವರ್ ಬರೆದ ಬಿಲ್ ಪಾಲ್, ಈ ಕಾರ್ಡು 'ಲೋ ಎಂಡ್' ಅನ್ನುವುದಕ್ಕೇ ಹೊಸ ಅರ್ಥ ಕೊಟ್ಟಿದೆ ಅಂತ ಸೋರ್ಸ್ ಕೋಡಿನ ಕಾಮೆಂಟಿನಲ್ಲೇ ಬರೆದಿಟ್ಟಿದ್ದಾರೆ. ಡ್ರೈವರ್ ಬರೆದವರ ಬೈಗುಳ ಓದುವುದು ಕಾರ್ಡ್ ಆರಿಸಲು ಒಳ್ಳೇ ದಾರಿ!

ಈಗಿನ ರಿಯಲ್‌ಟೆಕ್ ಗಿಗಾಬಿಟ್ ಚಿಪ್‌ಗಳು ಆ ಜಾತಿಯವಲ್ಲ. ಇದನ್ನು ಬರೆಯುತ್ತಿರುವ ಮೆಷಿನ್‌ನಲ್ಲೂ ಅದೇ ಇದೆ, ಲಿನಕ್ಸ್‌ನಲ್ಲಿ ಸುಮ್ನೆ ತನ್ನ ಪಾಡಿಗೆ ನಡೆಯುತ್ತದೆ. ಆದರೆ ಹಗಲೂ ರಾತ್ರಿ ಓಡುವ ರೂಟರಿಗೆ, ಅದೂ ಫ್ರೀಬಿಎಸ್‌ಡಿ ಹಾಕಿದ್ದಕ್ಕೆ, ನನ್ನ ವೋಟು ಇಂಟೆಲ್‌ಗೆ. ಸರ್ವರಿನಿಂದ ಬಿಚ್ಚಿದ ಎರಡು ಪೋರ್ಟಿನ ಐ350 ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ. ನಕಲಿಯೂ ಓಡಾಡುತ್ತವೆ, ನಂಬಿಕಸ್ತರ ಹತ್ತಿರ ತಗೊಳ್ಳಿ. ಅದು ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್4 ಕಾರ್ಡು, ಸಾಮಾನ್ಯ ಎಕ್ಸ್1 ಸ್ಲಾಟಿನಲ್ಲಿ ಕೂರುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನ ಉದ್ದ ಸ್ಲಾಟ್ ಖಾಲಿ ಇದ್ದರೆ ಅಲ್ಲಿಗೆ ಹಾಕಿ.

ಹಳೇ ಬಿಳಿ ಪಿಸಿಐ ಸ್ಲಾಟ್ ಮಾತ್ರ ಬೇಡ. ಅಲ್ಲಿರುವ ಎಲ್ಲಾ ಕಾರ್ಡುಗಳಿಗೂ ಸೇರಿ ಸೆಕೆಂಡಿಗೆ 133 ಮೆಗಾಬೈಟ್. ಗಿಗಾಬಿಟ್ ಒಂದು ದಿಕ್ಕಿಗೇ 125 ಕೇಳುತ್ತದೆ.

ಕಾನ್ಫಿಗರ್ ಮಾಡುವಾಗ ಒಂದು ನೆನಪಿಡಿ. ಎಲ್‌ಆರ್‌ಒ, ಟಿಎಸ್‌ಒ (ಕಳಿಸುವ ದೊಡ್ಡ ಡೇಟಾವನ್ನು ಕಾರ್ಡೇ ಪ್ಯಾಕೆಟ್‌ಗಳಾಗಿ ಒಡೆಯುವುದು) ಎರಡನ್ನೂ ಆಫ್ ಮಾಡಿ. ಎಲ್‌ಆರ್‌ಒ ಬಂದ ನಾಲ್ಕಾರು ಪ್ಯಾಕೆಟ್‌ಗಳನ್ನು ಅಂಟಿಸಿ ಒಂದೇ ದೊಡ್ಡ ಪ್ಯಾಕೆಟ್ ಮಾಡಿ ಮೇಲಕ್ಕೆ ಕೊಡುತ್ತದೆ. ಡೇಟಾ ನಿಮ್ಮ ಮೆಷಿನ್‌ಗೇ ಬಂದಿದ್ದರೆ ಅದು ಲಾಭ. ರೂಟರ್ ಅದನ್ನು ಹಾಗೇ ಮುಂದಕ್ಕೆ ದಾಟಿಸಬೇಕು, ಅಲ್ಲಿ ಅಂಟಿಸಿದ್ದೇ ತೊಂದರೆ.

ಪ್ರಶ್ನೆ: ಲಿನಕ್ಸ್ ಸರ್ವರಿಗೆ ಹೊಸ ಕಾರ್ಡ್ ಹಾಕಿ ಆನ್ ಮಾಡಿದೆ. ಮೊದಲಿದ್ದ ಪೋರ್ಟೂ ಸತ್ತುಹೋಯಿತು. ಕಾರ್ಡ್ ತೆಗೆದರೆ ಮತ್ತೆ ಬರುತ್ತದೆ!

ಉತ್ತರ: ಸತ್ತಿಲ್ಲ, ಹೆಸರು ಬದಲಾಗಿರಬೇಕು. 2013ರಲ್ಲಿ ಸಿಸ್ಟಮ್‌ಡಿ (ಲಿನಕ್ಸ್ ಶುರು ಮಾಡಿ ಸೇವೆಗಳನ್ನು ನಡೆಸುವ ಸಾಫ್ಟ್‌ವೇರ್) 197ನೇ ಆವೃತ್ತಿ ಬಂದ ಮೇಲೆ ಇಂಟರ್‌ಫೇಸಿಗೆ ಅದು ಇರುವ ಜಾಗದಿಂದ ಹೆಸರು ಬರುತ್ತದೆ. ಇಎನ್‌ಪಿ2ಎಸ್0 ಅಂದರೆ ಈಥರ್‌ನೆಟ್, ಪಿಸಿಐ ಬಸ್ 2, ಸ್ಲಾಟ್ 0. ಹೊಸ ಕಾರ್ಡ್ ನಡುವೆ ಸೇರಿದ್ದಕ್ಕೆ ಬಸ್ ನಂಬರ್ ಮುಂದಕ್ಕೆ ಸರಿದು ಇಎನ್‌ಪಿ3ಎಸ್0 ಆಗಿರುತ್ತದೆ. ನಿಮ್ಮ ಕಾನ್ಫಿಗ್ ಫೈಲ್ ಇನ್ನೂ ಹಳೇ ಹೆಸರನ್ನೇ ಹುಡುಕುತ್ತಾ ಕೂತಿದೆ. 'ಐಪಿ ಲಿಂಕ್' ಕೊಟ್ಟು ನೋಡಿ, ಗೊತ್ತಾಗುತ್ತದೆ. ಇನ್ನೊಂದು ಸಲ ಹೀಗಾಗದಿರಲು ಸಿಸ್ಟಮ್‌ಡಿಯ ನೆಟ್‌ವರ್ಕ್ ಫೋಲ್ಡರಿನಲ್ಲಿ ಒಂದು ಲಿಂಕ್ ಫೈಲ್ ಮಾಡಿ, ಮ್ಯಾಕ್ ಅಡ್ರೆಸ್ಸಿಗೆ (ಪೋರ್ಟಿನ ಸ್ವಂತ ಗುರುತಿನ ನಂಬರಿಗೆ) ನೀವೇ ಹೆಸರು ಕಟ್ಟಿಬಿಡಿ. ಲ್ಯಾನ್0 ಅಂತೇನಾದರೂ ಇಡಿ. ಈಥ್0 ಬೇಡ, ಅದನ್ನು ಕರ್ನಲ್ ತಾನೇ ಬಳಸುತ್ತದೆ, ಜಗಳ ಆಗುತ್ತದೆ.

ಪ್ರಶ್ನೆ: ಗಿಗಾಬಿಟ್ ಕಾರ್ಡ್ 100 ಮೆಗಾಬಿಟ್‌ನಲ್ಲೇ ಓಡುತ್ತಿದೆ. ಸರಿ, ಅಷ್ಟೇ ಇರಲಿ ಅಂತ ಆಟೋ ನೆಗೋಶಿಯೇಶನ್ ಆಫ್ ಮಾಡಿ 100 ಫುಲ್ ಡ್ಯೂಪ್ಲೆಕ್ಸ್‌ಗೆ ಫಿಕ್ಸ್ ಮಾಡಿದೆ. ಈಗ ಇನ್ನೂ ನಿಧಾನ. ಪಿಂಗ್ ಮಾತ್ರ ಚೆನ್ನಾಗಿದೆ.

ಉತ್ತರ: ಮೊದಲು ಆ ಸೆಟ್ಟಿಂಗ್ ತೆಗೆಯಿರಿ. ಆಟೋ ನೆಗೋಶಿಯೇಶನ್ ಅಂದರೆ ಸ್ಪೀಡ್, ಡ್ಯೂಪ್ಲೆಕ್ಸ್ ಬಗ್ಗೆ ಎರಡೂ ತುದಿ ಮಾಡುವ ಮಾತುಕತೆ. ಫುಲ್ ಡ್ಯೂಪ್ಲೆಕ್ಸ್‌ನಲ್ಲಿ ಎರಡೂ ಕಡೆಯವರು ಒಟ್ಟಿಗೆ ಕಳಿಸಬಹುದು, ಹಾಫ್‌ನಲ್ಲಿ ಸರದಿಯ ಮೇಲೆ. ನೀವು ಮಾತುಕತೆ ನಿಲ್ಲಿಸಿದರೆ ಎದುರಿನ ಸ್ವಿಚ್ ಸಿಗ್ನಲ್ ನೋಡಿ ಸ್ಪೀಡ್ ಕಂಡುಹಿಡಿಯುತ್ತದೆ, ಡ್ಯೂಪ್ಲೆಕ್ಸ್ ಕಂಡುಹಿಡಿಯಲು ಅದಕ್ಕೆ ದಾರಿಯಿಲ್ಲ. ಹಾಗಾಗಿ ಹಾಫ್ ಅಂದುಕೊಳ್ಳುತ್ತದೆ. ನಿಮ್ಮ ಕಡೆ ಫುಲ್, ಆ ಕಡೆ ಹಾಫ್. ಅದು ಕಳಿಸುತ್ತಿರುವಾಗಲೇ ನೀವೂ ಕಳಿಸಿದರೆ ಅದನ್ನು ಡಿಕ್ಕಿ ಅಂತ ಎಣಿಸುತ್ತದೆ. ಪಿಂಗ್ ಚಿಕ್ಕದು, ಬಿಡುವು ಕೊಟ್ಟು ಹೋಗುತ್ತದೆ, ಅದಕ್ಕೇ ಪಾರಾಗುತ್ತದೆ. ದೊಡ್ಡ ಫೈಲ್ ತೆವಳುತ್ತದೆ.

ಇನ್ನು ಮೂಲ ರೋಗ. 100ಕ್ಕೆ ಕೇಬಲ್ಲಿನ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಉಳಿದ ಎರಡು ಜೋಡಿಯಲ್ಲಿ ಒಂದು ತಂತಿ ಕನೆಕ್ಟರಿಗೆ ಸರಿಯಾಗಿ ಕ್ರಿಂಪ್ ಆಗಿರಲಿಲ್ಲ ಅಂದರೂ ಸಾಕು, ಲಿಂಕ್ 100ಕ್ಕೆ ಇಳಿಯಬಹುದು. ಆಟೋ ಆನ್ ಮಾಡಿ, ಬೇರೆ ಕೇಬಲ್ ಹಾಕಿ, 'ಈಥ್‌ಟೂಲ್' ಕೊಟ್ಟು ಸ್ಪೀಡ್ 1000 ತೋರಿಸುತ್ತಾ ನೋಡಿ. ತೋರಿಸದಿದ್ದರೆ ಸ್ವಿಚ್ಚಿನ ಬೇರೆ ಪೋರ್ಟಿಗೆ ಚುಚ್ಚಿ. ಅಲ್ಲೂ 100 ಬಂದರೆ ಆಗ ಕಾರ್ಡಿನ ಮೇಲೆ ಅನುಮಾನ ಪಡಿ.