ಸಂಪಾದಕರ ಉತ್ತರ: ಪಿಗ್ಮಿ ಕಟ್ಟಿದ ನಾಡಲ್ಲಿ ಸಾಲ ತೀರ್ಸೋಕೆ ಏಜೆಂಟ್ ಯಾಕೆ?

ಹಾಸನ ಜಿಲ್ಲೆಯಿಂದ ಖಾಸಗಿ ಶಾಲೆ ಟೀಚರ್ ಒಬ್ರು ಪತ್ರ ಬರ್ದಿದ್ದಾರೆ. ಹೆಸರು ಹಾಕ್ಬೇಡಿ ಅಂತ ಎರಡು ಕಡೆ ಅಡಿಗೆರೆ ಎಳ್ದಿದ್ದಾರೆ, ಹಾಕಲ್ಲ. ವಿಷ್ಯ ಇಷ್ಟೇ. ಎರಡು ಕ್ರೆಡಿಟ್ ಕಾರ್ಡಲ್ಲಿ 68,000 ಮತ್ತೆ 41,000 ಬಾಕಿ, ಒಂದು ಆ್ಯಪ್ ಸಾಲ 23,000, ಯಜಮಾನ್ರ ಫೋನಿನ ಇಎಂಐ 14,000, ಎಲ್ಲ ಸೇರಿ 1,46,000. ಸಂಬಳ 22,000, ಯಜಮಾನ್ರ ಮೊಬೈಲ್ ರಿಪೇರಿ ಅಂಗಡಿ ಒಂದು ತಿಂಗಳು ನಡೆದ್ರೆ ಇನ್ನೊಂದು ತಿಂಗಳು ಇಲ್ಲ. ಈಗ ಯಾವುದೋ ಕಂಪನಿಯವರು ಫೋನ್ ಮಾಡಿ ‘ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್’ ಇದೆ ಮೇಡಂ, ಇನ್ಮೇಲೆ ಯಾರಿಗೂ ಏನೂ ಕಟ್ಬೇಡಿ, ತಿಂಗಳಿಗೆ 6,500 ನಾವು ಹೇಳೋ ಖಾತೆಗೆ ಹಾಕಿ, ಅದ್ರಲ್ಲಿ 1,200 ನಮ್ಮ ಫೀಸು, ಒಂದೂವರೆ ವರ್ಷದಲ್ಲಿ ಬ್ಯಾಂಕಿನವ್ರನ್ನ ಅರ್ಧಕ್ಕೆ ಒಪ್ಪಿಸ್ತೀವಿ ಅಂದಿದ್ದಾರೆ. ಇಂಗ್ಲೆಂಡಲ್ಲಿರೋ ನಾದಿನಿ ಇದೇ ಹೆಸರಿನ ಪ್ಲಾನ್ ಮಾಡ್ಕೊಂಡು ನಿರಾಳವಾಗಿದ್ದಾರಂತೆ. “ನಮ್ಮಂಥ ಸಣ್ಣ ಸಾಲದೋರಿಗೆ ಇದು ಸರಿಹೋಗುತ್ತಾ ಸಾರ್?” ಅಂತ ಕೇಳಿದ್ದಾರೆ.

ಇಲ್ಲ ತಾಯಿ. ಸರಿಹೋಗಲ್ಲ. ಈಗ ಯಾಕೆ ಅಂತ ಹೇಳೋಕೆ ಇಡೀ ಪುಟ ತಗೋತೀನಿ, ಯಾಕಂದ್ರೆ ಈ ವಿಷ್ಯದಲ್ಲಿ ನಂಗೆ ಬಹಳ ದಿನದಿಂದ ಹೊಟ್ಟೆ ಉರಿ ಇದೆ.

ಮೊದ್ಲು ನಾದಿನಿ ವಿಚಾರ. ಅಲ್ಲಿ ಸ್ಟೆಪ್‌ಚೇಂಜ್ ಥರದ ದತ್ತಿ ಸಂಸ್ಥೆಗಳು ಆ ಪ್ಲಾನನ್ನ ಬಿಟ್ಟಿಯಾಗಿ ಮಾಡಿಕೊಡ್ತವೆ. ಮನೆ ಖರ್ಚು ಕಳೆದು ಉಳಿಯೋ ದುಡ್ಡನ್ನ ತಿಂಗಳಿಗೆ ಒಂದೇ ಕಂತಲ್ಲಿ ಅವ್ರಿಗೆ ಕೊಟ್ರೆ ಸಾಲ ಕೊಟ್ಟೋರಿಗೆಲ್ಲ ಅವ್ರವ್ರ ಪಾಲು ಹಂಚ್ತಾರೆ, ಬಡ್ಡಿ ನಿಲ್ಸಿ ಅಂತ ಕೇಳ್ತಾರೆ, ಎಷ್ಟೋ ಸಲ ಬ್ಯಾಂಕಿನವ್ರು ನಿಲ್ಸ್ತಾರೂ ಕೂಡ. ಆದ್ರೆ ಅಸಲು ಪೂರ್ತಿ ತೀರಿಸ್ಬೇಕು. ಅರ್ಧಕ್ಕೆ ಕೈ ತೊಳ್ಕೊಳೋದು ಅಲ್ಲಿ ಬೇರೆ ದಾರಿ. ನಿಮಗೆ ಫೋನ್ ಮಾಡಿದೋರು ನಾದಿನಿ ಪ್ಲಾನಿನ ಬೋರ್ಡು ಹಾಕ್ಕೊಂಡು ಒಳಗೆ ಮಾರ್ತಿರೋದು ಆ ಬೇರೆ ದಾರೀನ, ‘ಸೆಟಲ್‌ಮೆಂಟ್’ ಅಂತಾರೆ ಅದನ್ನ. ತುಪ್ಪದ ಡಬ್ಬೀಲಿ ಡಾಲ್ಡ.

ಈಗ ಲೆಕ್ಕ ಹಾಕೋಣ, ನೀವೇ ಟೀಚರ್ರು, ತಪ್ಪಿದ್ರೆ ಕೆಂಪು ಪೆನ್ನಲ್ಲಿ ತಿದ್ದಿ. ಎರಡು ಕಾರ್ಡಿಂದ 1,09,000. ತಿಂಗಳಿಗೆ ಮೂರೂವರೆ ಪರ್ಸೆಂಟ್ ಹಿಡಿದ್ರೆ ಬಡ್ಡಿ 3,815, ಅದರ ಮೇಲೆ 18% ಜಿಎಸ್‌ಟಿ ಸೇರಿ ಹತ್ರಹತ್ರ 4,500. ನೀವು ‘ಮಿನಿಮಮ್ ಡ್ಯೂ’ ಅಂತ 5% ಕಟ್ತಿದೀನಿ ಅಂದ್ರಲ್ಲ, ಅದು 5,450. ಅಂದ್ರೆ ನೀವು ಬೆವರು ಸುರಿಸಿ ಕಟ್ಟಿದ್ರಲ್ಲಿ ಅಸಲಿಗೆ ಹೋಗ್ತಿರೋದು 950 ರೂಪಾಯಿ! ವರ್ಷಕ್ಕೆ 30% ಮೇಲೆ ಬಡ್ಡಿ ಹಾಕೋದು ಅನ್ಯಾಯ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು, 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು ಆ ಆದೇಶ ರದ್ದು ಮಾಡ್ತು, ಹಾಗಾಗಿ ಕೋರ್ಟಿನ ಆಸೆ ಬಿಡಿ.

ಇನ್ನು ಕಂಪನಿ ಹೇಳಿದಂಗೆ ಹದಿನೆಂಟು ತಿಂಗಳು ಏನೂ ಕಟ್ಟಲಿಲ್ಲ ಅನ್ಕೊಳಿ. ಲೇಟ್ ಫೀಸು, ಚಕ್ರಬಡ್ಡಿ ಎಲ್ಲ ಬಿಟ್ರೂ 4,500ರಂಗೆ 81,000 ಬೆಳೀತು. ಕಾರ್ಡಿನ ಸಾಲಾನೇ 1,90,000 ಆಯ್ತು. ಅದರ ಅರ್ಧ 95,000, ಕಂಪನಿ ಫೀಸು ಹದಿನೆಂಟು ತಿಂಗಳಿಗೆ 21,600, ಒಟ್ಟು 1,16,600. ಕಾರ್ಡಿನ ಇವತ್ತಿನ ಸಾಲ ಎಷ್ಟು ತಾಯಿ? 1,09,000. ಅರ್ಧ ಮಾಡಿಸ್ತೀವಿ ಅಂದೋರು ಜಾಸ್ತಿ ಮಾಡಿ ಕೊಡ್ತಾರೆ, ಅದ್ರಲ್ಲಿ ಹತ್ರಹತ್ರ ನಿಮ್ಮ ಒಂದು ತಿಂಗಳ ಸಂಬಳ ಅವ್ರಿಗೆ ದಕ್ಷಿಣೆ. ಅದೂ ಬ್ಯಾಂಕು ಒಪ್ಪಿದ್ರೆ. ಒಪ್ಪಲೇಬೇಕು ಅಂತ ಎಲ್ಲೂ ಇಲ್ಲ.

ಮಧ್ಯದಲ್ಲಿ ಏನೇನಾಗುತ್ತೆ ಅಂತ ಅವ್ರು ಹೇಳಿರಲ್ಲ. ತೊಂಬತ್ತು ದಿನ ದಾಟಿದ್ರೆ ಖಾತೆ ಎನ್‌ಪಿಎ, ಅಂದ್ರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ವಸೂಲಿಗೆ ರಿಕವರಿಯವ್ರು ಶುರು. ಆ್ಯಪಿಗೂ ಫೋನಿಗೂ ಆಟೋ ಡೆಬಿಟ್ ಕೊಟ್ಟಿದ್ದೀರಿ, ಅದು ಬೌನ್ಸಾದ್ರೆ ಚೆಕ್ ಬೌನ್ಸ್ ಥರಾನೇ ಕೇಸ್ ಹಾಕೋಕೆ ಕಾನೂನಲ್ಲಿ ಅವಕಾಶ ಇದೆ. ಕೊನೆಗೆ ಎಲ್ಲ ಮುಗಿದ್ಮೇಲೂ ನಿಮ್ಮ ಸಾಲದ ಚರಿತ್ರೆ ಹೇಳೋ ಸಿಬಿಲ್ ರಿಪೋರ್ಟಲ್ಲಿ ಪೂರ್ತಿ ತೀರ್ತು ಅನ್ನೋ ‘ಕ್ಲೋಸ್ಡ್’ ಬರಲ್ಲ, ಕಮ್ಮಿ ಕೊಟ್ಟು ಮುಗಿಸಿದ್ರು ಅನ್ನೋ ‘ಸೆಟಲ್ಡ್’ ಬರುತ್ತೆ. ಒಂದೇ ಪದ, ಆದ್ರೆ ನಾಳೆ ಯಜಮಾನ್ರು ಅಂಗಡಿಗೆ ಮುದ್ರಾ ಸಾಲ ಬೇಕು ಅಂತ ನಿಮ್ಮನ್ನ ಜೊತೆಗೆ ಕರ್ಕೊಂಡು ಹೋದಾಗ ಆ ಪದ ನಿಮಗಿಂತ ಮೊದ್ಲು ಮ್ಯಾನೇಜರ್ ಟೇಬಲ್ ಮೇಲೆ ಕೂತಿರುತ್ತೆ.

ಒಂದು ಮಾತು ಆ ಕಂಪನಿಯವ್ರ ಪರವಾಗೂ ಹೇಳ್ಬೇಕು, ಇಲ್ಲಾಂದ್ರೆ ಅವ್ರೂ ಪತ್ರ ಬರೀತಾರೆ. ಕೆಲ್ಸ ಹೋಗಿ, ಹತ್ತು ಕಡೆ ಸಾಲ ಆಗಿ, ಫೋನ್ ರಿಂಗಾದ್ರೆ ಬೆಚ್ಚಿಬೀಳೋ ಸ್ಥಿತೀಲಿರೋನಿಗೆ ನಡುವೆ ನಿಂತು ಮಾತಾಡೋ ಒಬ್ಬ ಬೇಕು ಅನ್ಸೋದು ಸಹಜ. ಅಂಥೋರಿಗೆ ಸೆಟಲ್‌ಮೆಂಟೇ ಗತಿ ಇರಬಹುದು. ಆಯ್ತು, ಹೇಳ್ದೆ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದು ಸಾಲು ಸಿಕ್ತು ನೋಡಿ, “ಬೀರುವಲ್ಲಿ ಅವಲಕ್ಕಿ ಸರ ಇದೆ, ಅಡ ಇಟ್ರೆ ಅತ್ತೆಗೆ ಗೊತ್ತಾಗುತ್ತೆ.” ನಿಮ್ಮ ಸಾಲದ ಕಾಯಿಲೆ ಅಲ್ಲಿದೆ. ಸರ್ಕಾರಿ ಬ್ಯಾಂಕಲ್ಲಿ ಚಿನ್ನದ ಸಾಲಕ್ಕೆ ವರ್ಷಕ್ಕೆ ಹತ್ತು ಪರ್ಸೆಂಟ್ ಬಡ್ಡಿ ಹಿಡೀರಿ. ಆ 1,09,000 ತಂದು ಎರಡೂ ಕಾರ್ಡ್ ತೀರ್ಸಿ, ಈಗ ಕಟ್ತಿರೋ 5,450ನ್ನೇ ಚಿನ್ನದ ಸಾಲಕ್ಕೆ ಕಟ್ಟಿ. 22 ತಿಂಗಳಿಗೆ ಸರ ವಾಪಸ್ ಬೀರುವಿಗೆ, ಬಡ್ಡಿ ಅಂತ ಹೋಗೋದು ಹನ್ನೊಂದು ಸಾವಿರದ ಒಳಗೆ. ಅದೇ 5,450ನ್ನ ಕಾರ್ಡಿಗೇ ಕಟ್ತಾ ಹೋದ್ರೆ 43 ತಿಂಗಳು, ಬಡ್ಡಿ ಜಿಎಸ್‌ಟಿ ಸೇರಿ 1,26,000 ಚಿಲ್ಲರೆ. ಮಿನಿಮಮ್ ಮಾತ್ರ ಕಟ್ತೀನಿ ಅಂದ್ರೆ ಬಾಕಿ ಇಳಿದಂಗೆ ಕಂತೂ ಇಳೀತಾ ಹೋಗುತ್ತೆ, ಆಗ ಎಷ್ಟು ವರ್ಷ ಅಂತ ನಾನು ಬರ್ದ್ರೆ ನೀವು ಅಳ್ತೀರಿ. ಅತ್ತೆ ಕಣ್ಣಿಗೆ ಬೀಳಬಾರ್ದು ಅನ್ನೋದಕ್ಕೆ ಲಕ್ಷ ರೂಪಾಯಿ ಮೇಲೆ ಕೊಡ್ತಿದ್ದೀರಿ. ಅತ್ತೆಗೆ ಹೇಳ್ಬಿಡಿ. ನಮ್ಮ ತಲೆಮಾರಿನೋರಿಗೆ ಅಡ ಇಡೋದು ಬಿಡಿಸ್ಕೊಳೋದು ಹೊಸದೇನಲ್ಲ, ನೀವು ಅನ್ಕೊಂಡಷ್ಟು ಕೂಗಾಡಲ್ಲ. ಸರ ಅಡ ಇಡೋಕೆ ಮನಸ್ಸೇ ಇಲ್ಲ ಅಂದ್ರೆ ಬಾಕೀನ ಇಎಂಐ ಮಾಡಿಕೊಡಿ ಅಂತ ಕಾರ್ಡಿನೋರನ್ನೇ ಕೇಳಿ, ಬಡ್ಡಿ ಎಷ್ಟೋ ಇಳಿಯುತ್ತೆ. ಎರಡರಲ್ಲಿ ಯಾವುದೇ ಮಾಡಿ, ಆ ಕಾರ್ಡುಗಳನ್ನ ಕತ್ತರೀಲಿ ಕತ್ತರಿಸಿ, ಇಲ್ಲಾಂದ್ರೆ ದೀಪಾವಳಿ ಆಫರ್ ಬರೋಷ್ಟರಲ್ಲಿ ಚಿನ್ನದ ಸಾಲಾನೂ ಇರುತ್ತೆ, ಕಾರ್ಡ್ ಸಾಲಾನೂ ಇರುತ್ತೆ. ಆ್ಯಪಿಂದು, ಫೋನಿಂದು ಹೇಗೆ ಕಟ್ತಿದ್ದೀರೋ ಹಾಗೇ ಕಟ್ಟಿ.

ಸರ್ಕಾರ ಕಾನೂನು ಮಾಡಿದೆ, ಮನ್ನಾ ಆಗಲ್ವಾ ಅಂತಲೂ ಕೇಳಿದ್ದೀರಿ. ನಮ್ಮ ರಾಜ್ಯದ 2025ರ ಮೈಕ್ರೋ ಸಾಲದ ಕಾನೂನು ನೋಂದಣಿ ಇಲ್ದೆ ಬಡ್ಡಿ ವ್ಯವಹಾರ ಮಾಡೋರಿಗೆ, ಮನೆ ಮುಂದೆ ಬಂದು ಪೀಡಿಸೋರಿಗೆ ಹಾಕಿದ ಲಗಾಮು, ಬ್ಯಾಂಕಿನ ಕ್ರೆಡಿಟ್ ಕಾರ್ಡಿಗೂ ಅದಕ್ಕೂ ಸಂಬಂಧ ಇಲ್ಲ. 1976ರಲ್ಲಿ ದೇವರಾಜ ಅರಸು ಋಣ ಪರಿಹಾರ ಕಾಯ್ದೆ ತಂದಾಗ ನಮ್ಮಜ್ಜಿ ಗಿರವಿ ಇಟ್ಟಿದ್ದ ಹಿತ್ತಾಳೆ ಕೊಳಗ ಒಂದು ಪೈಸೆ ಕೊಡದೆ ಮನೆಗೆ ಬಂತು. ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಒಳಗೆ ತಗೊಂಡ್ಲು. ಮುಂದಿನ ವರ್ಷ ಬಾಣಂತನಕ್ಕೆ ದುಡ್ಡು ಬೇಕಾದಾಗ ಅದೇ ಕೊಳಗ ಹಿಡ್ಕೊಂಡು ಬೀದಿಯೆಲ್ಲ ತಿರುಗಿದ್ಲು, ಯಾರೂ ಸಾಲ ಕೊಡ್ಲಿಲ್ಲ. ಇನ್ನು ಪಾಪರ್ ಚೀಟಿ ತಗೋಬಹುದಾ ಅನ್ನೋರಿಗೆ ಒಂದು ಮಾತು, ಸಣ್ಣ ಸಾಲದೋರಿಗೆ ಹೊಸ ಬದುಕು ಅಂತ 2016ರ ದಿವಾಳಿ ಸಂಹಿತೇಲಿ ಒಂದು ಅಧ್ಯಾಯಾನೇ ಇದೆ, ಸಾಲ 35,000 ದಾಟಿರಬಾರ್ದು, ವರ್ಷದ ಆದಾಯ 60,000 ದಾಟಿರಬಾರ್ದು ಅಂತ. ಅದೂ ಪುಸ್ತಕದಲ್ಲಿದೆ, ಜಾರಿಗೆ ಬಂದಿಲ್ಲ.

ನನ್ನ ಹೊಟ್ಟೆ ಉರಿ ಏನು ಅಂದ್ರೆ, ಸಾಲ ನಿಭಾಯಿಸೋದು ಹೇಗೆ ಅಂತ ಬೇರೆಯೋರಿಂದ ಕಲೀಬೇಕಾದ ನಾಡಲ್ಲ ಇದು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನೋರು ಪಿಗ್ಮಿ ಶುರು ಮಾಡಿದ್ರು, ದಿನಕ್ಕೆ ಎರಡಾಣೆ, ಏಜೆಂಟೇ ಮನೆ ಬಾಗಿಲಿಗೆ ಬಂದು ತಗೊಂಡು ಹೋಗೋನು. ನಾನು ಪ್ರೆಸ್ಸಿನ ಸಾಲದಲ್ಲಿ ಮುಳುಗಿದ್ದಾಗ ನಮ್ಮ ಬೀದಿ ಪಿಗ್ಮಿಯವ್ರು, ಸಂಜೆ ಸೈಕಲ್ ನಿಲ್ಸಿ ಒಂದು ಲೋಟ ಮಜ್ಜಿಗೆ ಕುಡಿಯೋರು, ನನ್ನ ಮುಖ ನೋಡಿ “ಏನ್ ಸ್ವಾಮಿ, ಬಡ್ಡಿ ನಿಂತೋಯ್ತಾ? ದಿನಾ ಐವತ್ತು ಕೊಡಿ, ತಿಂಗಳ ಕೊನೇಲಿ ಸಾಲಕ್ಕೆ ಜಮಾ ಮಾಡ್ಸೋಣ” ಅಂದ್ರು. ಮೂರು ವರ್ಷ ಹಾಗೇ ಕಟ್ಟಿ ತೀರಿಸ್ದೆ. ಅದು ಪ್ಲಾನ್. ತಿಂಗಳಿಗೆ 5,450 ಅಂದ್ರೆ ಎದೆ ಧಸಕ್ ಅನ್ನುತ್ತೆ, ದಿನಕ್ಕೆ 180 ಅಂದ್ರೆ ಅಂಗಡಿ ಗಲ್ಲಾದಿಂದ ಸಂಜೆ ಎತ್ತಿಡಬಹುದು, ಯಜಮಾನ್ರಿಗೆ ಇದನ್ನ ಓದಿ ಹೇಳಿ.

ಈಗ ಸಿಂಡಿಕೇಟ್ ಇಲ್ಲ, 2020ರಲ್ಲಿ ಕೆನರಾ ಒಳಗೆ ಹೋಯ್ತು. ವಿಜಯಾ ಬ್ಯಾಂಕ್ 2019ರಲ್ಲಿ, ಮೈಸೂರು ಬ್ಯಾಂಕ್ 2017ರಲ್ಲಿ ಬೇರೆ ಬ್ಯಾಂಕುಗಳ ಪಾಲಾದ್ವು. ಪಿಗ್ಮಿಯವ್ರು ಬರ್ತಿದ್ದ ಬಾಗಿಲಿಗೆ ಈಗ ರಿಕವರಿಯವ್ರು ಬರ್ತಾರೆ, ಅವ್ರಿಗೆ ನಿಮ್ಮ ಮಗಳ ಹೆಸರೂ ಗೊತ್ತಿಲ್ಲ, ಕನ್ನಡಾನೂ ಗೊತ್ತಿಲ್ಲ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7 ಆದ್ಮೇಲೆ ಫೋನ್ ಮಾಡಂಗಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಗೊತ್ತಿತ್ತಾ? ಸಾಲದ ಮುಖ್ಯಾಂಶದ ಹಾಳೇನ ಸಾಲಗಾರರಿಗೆ ಅರ್ಥ ಆಗೋ ಭಾಷೇಲಿ ಕೊಡ್ಬೇಕು ಅಂತಲೂ 2024ರಲ್ಲಿ ಹೇಳಿದೆ. ನೀವು ಆ್ಯಪ್ ಸಾಲದ ಪೇಪರ್ ಜೆರಾಕ್ಸ್ ಕಳಿಸಿದ್ದೀರಿ, ಹನ್ನೊಂದು ಪುಟ ಇಂಗ್ಲಿಷು, ನಾನೂ ಕನ್ನಡಕ ಹಾಕ್ಕೊಂಡು ಎರಡು ಸಲ ಓದ್ಬೇಕಾಯ್ತು. ಕನ್ನಡದಲ್ಲಿ ಕೊಡಿ ಅಂತ ನೀವು ಕೇಳ್ಲಿಲ್ಲ. ಮಕ್ಕಳಿಗೆ ಪಾಠ ಹೇಳೋ ನೀವೇ ಕೇಳ್ಲಿಲ್ಲಾಂದ್ರೆ ಇನ್ಯಾರು ಕೇಳ್ತಾರೆ ತಾಯಿ, ಬೇಜಾರು ಮಾಡ್ಕೋಬೇಡಿ, ಆದ್ರೆ ಇದಕ್ಕೆ ನಿಮ್ಮನ್ನ ಬೈದೇ ಬೈತೀನಿ.

ಸೋಮವಾರ ಅರ್ಧ ದಿನ ರಜಾ ಹಾಕಿ ನಿಮ್ಮ ಸಂಬಳದ ಖಾತೆ ಇರೋ ಬ್ರಾಂಚಿಗೆ ಹೋಗಿ, ಸರ ತಗೊಂಡೇ ಹೋಗಿ. ಫೋನ್ ಮಾಡ್ಬೇಡಿ, ಹೋಗಿ ಕುರ್ಚಿ ಮೇಲೆ ಕೂತ್ಕೊಳಿ. ಅಲ್ಲಿ ಸರಿಯಾಗಿ ಮಾತಾಡ್ಲಿಲ್ಲ ಅಂದ್ರೆ ಜಿಲ್ಲೆಯ ಲೀಡ್ ಬ್ಯಾಂಕ್ ಆಫೀಸಲ್ಲಿ ವಿಚಾರ್ಸಿ, ಹಣಕಾಸು ಸಾಕ್ಷರತಾ ಕೇಂದ್ರ ಎಲ್ಲಿದೆ ಅಂತ ಹೇಳ್ತಾರೆ, ಅಲ್ಲಿ ಸಲಹೆಗೆ ಫೀಸಿಲ್ಲ. ಕಾರ್ಡಿನೋರ ಮೇಲೆ ದೂರಿದ್ರೆ ಮೊದ್ಲು ಅವ್ರಿಗೇ ಬರ್ದು ಕೊಡಿ, ಮೂವತ್ತು ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಇಂಥ ದೂರು ಕೇಳೋ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ.

ಹಾಂ, ನಿಮ್ಮ ಚಂದಾ ಹೋದ ತಿಂಗಳೇ ಮುಗಿದಿದೆ ಅಂತ ನಮ್ಮ ಆಫೀಸ್ ಹುಡುಗ ಹೇಳ್ದ. ಈಗ ಕಟ್ಬೇಡಿ. ಪತ್ರಿಕೆ ಬರ್ತಾ ಇರುತ್ತೆ, ಸರ ಬಿಡಿಸ್ಕೊಂಡ ದಿನ ಒಂದು ಕಾರ್ಡ್ ಬರೀರಿ, ಕ್ರೆಡಿಟ್ ಕಾರ್ಡಲ್ಲ, ಪೋಸ್ಟ್ ಕಾರ್ಡು.

– ಸಂ.