ದೊಡ್ಡ ಕಲ್ಲು ಬೇಕು, ಹಳದಿ ಕಾಣಬಾರದು

ಉಂಗುರದ ಹಳೆ ಕಲ್ಲು ಕೊಟ್ಟು ದೊಡ್ಡ ವಜ್ರ ತಗೊಳ್ಳಬೇಕು, ಆದರೆ ಅಂಗಡಿಯಲ್ಲಿ ನೋಡಿದ ಒಂದೂವರೆ ಕ್ಯಾರೆಟ್‌ನ ಜೆ ಬಣ್ಣದ ವಜ್ರ ಹಳದಿ ಕಂಡಿತು ಅಂದಿರಿ. (ಬಣ್ಣದ ದರ್ಜೆ ಡಿ ಅಕ್ಷರದಿಂದ ಶುರು; ಅಕ್ಷರ ಮುಂದೆ ಹೋದಷ್ಟೂ ಹಳದಿ ಛಾಯೆ ಜಾಸ್ತಿ.) ಅದಕ್ಕೆ ಬಹುಶಃ ನಿಮ್ಮ ಬೆರಳಲ್ಲಿರುವ ಅರ್ಧ ಕ್ಯಾರೆಟ್‌ನ ಎಫ್ ಕಲ್ಲೇ ಕಾರಣ. ಎಫ್ ಪಕ್ಕದಲ್ಲಿಟ್ಟರೆ ಯಾವ ಜೆ ಆದರೂ ಮಂಕಾಗುತ್ತದೆ. ಕಲ್ಲು ದೊಡ್ಡದಾದಷ್ಟೂ ಛಾಯೆ ಜಾಸ್ತಿ ಕಾಣುತ್ತದೆ, ಅದೂ ಒಂದು.

ಮೊದಲು ಲೋಹ ತೀರ್ಮಾನಿಸಿ. ಹಳದಿ ಚಿನ್ನವಾದರೆ ಐ, ಜೆ ಧಾರಾಳವಾಗಿ ನಡೆಯುತ್ತದೆ. ಈಗಿರುವ ಬಿಳಿ ಚಿನ್ನವೇ ಇರಲಿ ಅಂದರೆ ಜಿ ಅಥವಾ ಎಚ್ ನೋಡಿ.

ಆಮೇಲೆ ಗಾತ್ರ. ಕ್ಯಾರೆಟ್ ಅಂದರೆ ತೂಕ, ಅಗಲ ಅಲ್ಲ. ದುಂಡು ಕಲ್ಲು ನಿಮ್ಮದರಷ್ಟಿದ್ದರೆ ಸುಮಾರು 5 ಮಿ.ಮೀ., 1 ಕ್ಯಾರೆಟ್ 6.5, ಒಂದೂವರೆ 7.4. ಬೆಲೆ ಮಾತ್ರ 1, 1.5 ಬಂದ ಕೂಡಲೇ ಜಿಗಿಯುತ್ತದೆ. ಹಾಗಾಗಿ 1.4ರದ್ದು ಇದೆಯಾ ಕೇಳಿ. ಕಡಿಮೆಯಾಗುವ ಅಗಲ ಯಾರ ಕಣ್ಣಿಗೂ ಬೀಳುವುದಿಲ್ಲ. ಓವಲ್ ಇನ್ನೂ ದೊಡ್ಡದಾಗಿ ಕಾಣುತ್ತದೆ ನಿಜ, ಆದರೆ ಅದರ ತುದಿಗಳಲ್ಲಿ ಹಳದಿ ಎದ್ದು ಕಾಣುತ್ತದೆ.

ಕಟ್, ಅಂದರೆ ಕಲ್ಲನ್ನು ಕತ್ತರಿಸಿದ ರೀತಿಯ ದರ್ಜೆ, ಎಕ್ಸಲೆಂಟ್‌ಗಿಂತ ಕೆಳಗೆ ಬೇಡವೇ ಬೇಡ. ಚೆನ್ನಾಗಿ ಹೊಳೆಯುವ ಕಲ್ಲಿನಲ್ಲಿ ಛಾಯೆ ಅಡಗುತ್ತದೆ. ದುಡ್ಡು ಉಳಿಸಬೇಕಾದರೆ ಕ್ಲಾರಿಟಿ, ಅಂದರೆ ಕಲ್ಲಿನಲ್ಲಿ ಚುಕ್ಕೆ ಎಷ್ಟು ಕಡಿಮೆ ಅನ್ನುವ ದರ್ಜೆ, ಇಳಿಸಿ. ಬರಿಗಣ್ಣಿಗೆ ಚುಕ್ಕೆ ಕಾಣದಿದ್ದರೆ ವಿಎಸ್2 ಸಾಕು. ಅದಕ್ಕಿಂತ ಮೇಲಿನ ದರ್ಜೆಯ ವಿವಿಎಸ್‌ಗೆ ಸುಮ್ನೆ ದುಡ್ಡು ಸುರಿಯುವುದು ಯಾಕೆ?

ಎಚ್, ಐ ನಡುವಿನ ವ್ಯತ್ಯಾಸ ನಿಮ್ಮ ಕಣ್ಣಿಗೆ ಕಾಣಬಹುದು, ಕಾಣದಿರಲೂಬಹುದು. ಹಳೆ ಉಂಗುರ ಕಳಚಿಟ್ಟು, ಅಂಗಡಿಯ ದೀಪಗಳಿಂದ ದೂರ, ಕಿಟಕಿಯ ಬೆಳಕಿನಲ್ಲಿ ಎರಡನ್ನೂ ನೋಡಿ. ಕಾಣದಿದ್ದರೆ ಐ ತಗೊಳ್ಳಿ. ಹಳೆ ಕಲ್ಲನ್ನು ಎಷ್ಟಕ್ಕೆ ವಾಪಸ್ ತಗೊಳ್ಳುತ್ತಾರೆ ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ಬರೆಸಿಕೊಳ್ಳಿ.